ಗಾಳಿಯೋ, ಗಾಲಿಯೋ?

ನಮ್ಮ ತಂದೆಯವರು ಅರಸೀಕೆರೆಯ ಕಡೆಯವರು. ಮಳೆ ಆ ಸೀಮೆಗೆ ಅಪರೂಪದ ನೆಂಟ. ಬಂದಾಗ ಮಣೆ ಹಾಕಿ ಕೂರಿಸಬೇಕೆಂಬುದೇ ಅಲ್ಲಿನವರ ಭಾವನೆ. ಅಂಥವರನ್ನು ನಾವು ಉದ್ಯೋಗದ ನಿಮಿತ್ತ ವಿಶಾಖಪಟ್ಟಣದ ಕಡಲ ದಂಡೆಗೆ ಕರೆದುಕೊಂಡು ಹೋದೆವು.

2014ನೆಯ ಇಸವಿಯ ಅಕ್ಟೋಬರಿನಲ್ಲಿ ಹುದ್‌ಹುದ್ ಎಂಬ ಚಂಡಮಾರುತ ಬರುವುದೆಂದು ಸುದ್ದಿಯಾಯಿತು. (ಅದು ಒಮಾನ್ ದೇಶದವರು ಸೂಚಿಸಿದ ಹೆಸರು, ಒಂದು ಹಕ್ಕಿಯದು. ಪಾಪ, ಹಕ್ಕಿ ಮಾಡಿದ ತಪ್ಪೇನೋ!) ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸು ಪೆದ್ದ ಜಾಲಾರಿಪೇಟೆಯ ಬೆಸ್ತರ ಮಗಳು. ಆಕೆ ತಂದೆಯವರ ಮುಂದೆ ನಿಂತು, "ಪೆದ್ದ ಗಾಲಿ ವಸ್ತುಂದಿ ತಾತಗಾರೂ" ಎಂದಳು. ದೊಡ್ಡ ಗಾಳಿ ಬರುತ್ತದೆ ಎಂದು ಅದರ ಅರ್ಥ. ತಂದೆಯವರಿಗೆ ತೆಲುಗಿನ ಗಂಧವಿಲ್ಲ. ನಮ್ಮ ಕಡೆ ತಿರುಗಿ, "ಪೆದ್ದ ಯಾರೋ? ಯಾವ ಗಾಲಿ ಬರುತ್ತಂತೆ?" ಎಂದು ಕೇಳಿದರು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಕೆ ನಗಲಿಲ್ಲ. ಒದ್ದೆ ಬೆರಳಿನಿಂದ ನೆಲದ ಮೇಲೆ ಒಂದು ಚಕ್ರ ಬರೆದಳು. ಮೊದಲು ಈ ಕಡೆಯಿಂದ ಬೀಸುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಅದು ನಡುಭಾಗ. ಆಗ ಬಾಗಿಲು ತೆಗೆಯಬೇಡಿ, ಮತ್ತೆ ಎದುರು ದಿಕ್ಕಿನಿಂದ ಬರುತ್ತದೆ ಎಂದು ಕೈಸನ್ನೆಯಲ್ಲೇ ತಿಳಿಸಿದಳು. ಹರೆಯದಲ್ಲಿ ಎತ್ತಿನ ಗಾಡಿ ಹೊಡೆದಿದ್ದ ತಂದೆಯವರು, "ಹಾಗಾದರೆ ಗಾಲಿಯೇ ಸರಿ, ನಗುವುದಕ್ಕೇನಿದೆ?" ಎಂದರು.

12ನೆಯ ತಾರೀಖು ಭಾನುವಾರ. ಬೆಳಗಿನಿಂದ ಕಿಟಕಿಗಳು ಹಲ್ಲು ಕಡಿಯುತ್ತಿದ್ದವು. ಎದುರಿನ ಮರಗಳು ಒಂದೊಂದಾಗಿ ಮಲಗಿದವು. ವಿಮಾನ ನಿಲ್ದಾಣದ ಮಾಡೇ ಕಿತ್ತುಹೋದ ದಿನ ಅದು. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ತಟ್ಟನೆ ನಿಂತಿತು. ಅಬ್ಬ, ಮುಗಿಯಿತೆಂದು ಸ್ಕೂಟರಿನ ಗತಿ ನೋಡಲು ನಾವು ಅಗುಳಿಗೆ ಕೈಹಾಕಿದೆವು. "ಮುಟ್ಟಬೇಡ ಕಣೋ! ಇದು ಅಚ್ಚಿನ ಜಾಗ. ಅರ್ಧ ಗಾಲಿ ಇನ್ನೂ ಉರುಳಬೇಕು" ಎಂದು ತಂದೆಯವರು ಗದರಿದರು. ಓದಿದ ನಾವು ಮರೆತಿದ್ದೆವು, ಅವರು ಮರೆತಿರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಗಾಳಿ ಮತ್ತೊಂದು ದಿಕ್ಕಿನಿಂದ ನುಗ್ಗಿತು. ಎದುರು ಮನೆಯ ತಗಡಿನ ಹಾಳೆಯೊಂದು ಹಾರಿಬಂದು ನಮ್ಮ ಬಾಗಿಲ ಮೆಟ್ಟಿಲಿಗೆ ಬಡಿಯಿತು.

ತರುವಾಯ ನಮಗೆ ವಿಜಯವಾಡಕ್ಕೆ ವರ್ಗವಾಯಿತು. ಕೆಲವು ವರ್ಷಗಳಲ್ಲಿ ತಂದೆಯವರು ತೀರಿಕೊಂಡರು. ಕೃಷ್ಣೆ ಕಡಲು ಸೇರುವ ದಿವಿಸೀಮೆ ಇಲ್ಲಿಗೆ ಬಹು ದೂರವಲ್ಲ. 1977ರ ನವೆಂಬರ್ 19ರಂದು ಅಲ್ಲಿ ಕಡಲು ಊರೊಳಗೆ ಹೊಕ್ಕಿತು. ಆ ತುಫಾನಿನಲ್ಲಿ 10,000ಕ್ಕೂ ಹೆಚ್ಚು ಜನ ಸತ್ತರು. ಇದನ್ನೆಲ್ಲ ಓದಿಕೊಂಡು ನಾವು ನಮ್ಮ ಸಂಘದಲ್ಲಿ ಗಾಳಿಯ ಪಂಡಿತರಾದೆವು. ರಾಜ್ಯೋತ್ಸವದಲ್ಲಿ ಒಂದು ಗಂಟೆ ಭಾಷಣ. ಅವಲಕ್ಕಿ ಎಷ್ಟಿಡಬೇಕು, ಮೇಣದ ಬತ್ತಿ ಎಷ್ಟಿಡಬೇಕು ಎಂಬ ಪಟ್ಟಿ ಬೇರೆ. ನೀರಿನ ಮಾತು ನಾವು ಎತ್ತಲಿಲ್ಲ, ಯಾರೂ ಕೇಳಲೂ ಇಲ್ಲ.

2024ರ ಆಗಸ್ಟ್ 31, ಶನಿವಾರ. ದಿನವಿಡೀ ಮಳೆ. ಸಂಜೆ ಹಾಲಿನವನು, "ಬುಡಮೇರು ತುಂಬಿದೆ ಸಾರ್, ಸಾಮಾನು ಮೇಲೆ ಇಟ್ಟುಕೊಳ್ಳಿ" ಎಂದ. "ಬುಡಮೇರು ಎಂದರೇನಪ್ಪ?" ಎಂದು ನಾವು ಕೇಳಿದೆವು. ಸಿಂಗ್ ನಗರದಲ್ಲಿ ಆರು ವರ್ಷ ಬಾಳಿದವರ ಬಾಯಲ್ಲಿ ಈ ಪ್ರಶ್ನೆ! ನಮ್ಮ ಕಣ್ಣೆಲ್ಲ ಕೃಷ್ಣೆಯ ಮೇಲೆ. ಆಲಮಟ್ಟಿಯಿಂದ ಇಳಿದು ಬರುವವಳು, ತವರಿನವಳು; ಮುನಿದರೆ ಅವಳೇ ಮುನಿಯಬೇಕೆಂದು ನಮ್ಮ ಎಣಿಕೆ. ಅವಳೂ ಆಗ ಪ್ರಕಾಶಂ ಬ್ಯಾರೇಜಿನಲ್ಲಿ 11 ಲಕ್ಷ ಕ್ಯೂಸೆಕ್ಸಿಗೂ ಮೀರಿ ಹರಿದಳು, ನಿಜ. ಆದರೆ ನಮ್ಮ ಮನೆಗೆ ನೀರು ಬಂದದ್ದು ಬೆನ್ನ ಹಿಂದಿನಿಂದ. ಕೊಲ್ಲೇರು ಸರೋವರಕ್ಕೆ ಹೋಗುವ ಆ ಬುಡಮೇರು ಹಳ್ಳದ ಏರಿ ಒಡೆದು, ಸದ್ದಿಲ್ಲದೆ, ಬಚ್ಚಲ ಬಾಗಿಲಿನಿಂದ.

ಸಂಘದ ಎರಡು ಅಲಮಾರು ಪುಸ್ತಕಗಳು ನಮ್ಮ ನೆಲಮನೆಯಲ್ಲಿದ್ದವು. ಒಂದೂ ಉಳಿಯಲಿಲ್ಲ. ಹಳೆಯ ಸದಸ್ಯರು ಕೊಟ್ಟುಹೋದ ಪುಸ್ತಕಗಳವು. ಅವರಿಗೆ ಮುಖ ತೋರಿಸಲು ಇಂದಿಗೂ ಸಂಕೋಚ. ಅದಕ್ಕಿಂತ ಹೆಚ್ಚಿನ ನಾಚಿಕೆಯೊಂದಿದೆ. ಹಿಂದಿನ ಬೀದಿಯ ವೃದ್ಧ ದಂಪತಿಗಳು, ನಮ್ಮವರೇ, ಎರಡು ರಾತ್ರಿ ತಾರಸಿಯ ಮೇಲೆ ಕಳೆದರು. ಗಂಡನಿಗೆ ಸಕ್ಕರೆ ಕಾಯಿಲೆ. ಔಷಧಿ ಕೆಳಗಿನ ನೀರಿನಲ್ಲಿ. ಅವರು ಊರಿಗೆ ಹೋಗಿದ್ದಾರೆಂದು ನಾವೆಲ್ಲರೂ ತಿಳಿದಿದ್ದೆವು. ಕೇಳಿದವರು ಯಾರೂ ಇಲ್ಲ. ದೋಣಿಯವರು ಇಳಿಸಿಕೊಂಡು ಬಂದಾಗ ಆ ತಾಯಿ ನಮ್ಮನ್ನು ನೋಡಿ, "ನೀವೆಲ್ಲ ಕ್ಷೇಮವೇನಪ್ಪ?" ಎಂದರು. ನಮಗೆ ಉತ್ತರ ಹೊರಡಲಿಲ್ಲ.

ಆ ವರ್ಷದ ರಾಜ್ಯೋತ್ಸವದಲ್ಲಿ ನಮ್ಮ ಭಾಷಣವಿರಲಿಲ್ಲ. ಹಾಲಿನವನನ್ನೇ ಕರೆದೆವು. ಮೊದಲು ಬಹಳ ಸಂಕೋಚಪಟ್ಟ. ಆಮೇಲೆ ಸೀಮೆಸುಣ್ಣ ಹಿಡಿದು, ಹಳ್ಳ ಎಲ್ಲಿ, ಏರಿ ಎಲ್ಲಿ, ಯಾವ ಬೀದಿಗೆ ನೀರು ಮೊದಲು, ಯಾವುದಕ್ಕೆ ಕೊನೆಗೆ ಎಂದು ವೇದಿಕೆಯ ನೆಲವನ್ನೇ ನಕ್ಷೆ ಮಾಡಿಬಿಟ್ಟ. ಹೆಂಗಸರು ಕೇಳಿದ ಪ್ರಶ್ನೆಗಳಲ್ಲಿ ಕಾಫಿ ಆರಿಹೋಯಿತು. ಅಂದೇ ಒಂದು ನೋಟ್‌ಬುಕ್ ತೆರೆದೆವು: ಯಾರ ಮನೆ ನೆಲದ ಮಟ್ಟದಲ್ಲಿದೆ, ಯಾರದು ಮಹಡಿ, ಯಾವ ಹಿರಿಯರಿಗೆ ಯಾವ ಔಷಧಿ, ಅವರನ್ನು ಕರೆತರುವ ಹೊಣೆ ಯಾರದು. ಊರಿಗೆ ಹೋಗುವವರು ಹೇಳಿ ಹೋಗಬೇಕು, ಬಂದಾಗ ತಿಳಿಸಬೇಕು.

ಪಟಮಟದ ಕಡೆ ಹೊಸದಾಗಿ ಬಂದಿರುವ ಮೂರು ಸಂಸಾರಗಳ ವಿವರ ಇನ್ನೂ ಬರೆದಿಲ್ಲ. ಈ ಸಂಚಿಕೆ ಅವರ ಕೈಸೇರಿದ್ದರೆ, ಬರುವ ಭಾನುವಾರ ಸಂಜೆ ನಮ್ಮ ಮನೆಗೆ ಬರಲಿ. ಈಗ ನಾವು ಎರಡನೆಯ ಮಹಡಿಯಲ್ಲಿದ್ದೇವೆ.