ಆರು ನಿಮಿಷದ ಚಹಾ

ದೀಪಾವಳಿಗೆ ಸಿಹಿ ಹಂಚುವುದು ಹೋಗಿ ಟೀ ಬ್ಯಾಗಿನ ಪೆಟ್ಟಿಗೆ ಹಂಚುವ ಕಾಲ ಬಂದಿದೆ. ಸಕ್ಕರೆ ಕಾಯಿಲೆಯವರು ಹೆಚ್ಚಿದ್ದಕ್ಕೋ, ಪೆಟ್ಟಿಗೆ ನೋಡಲು ಚೆಂದವೆಂದೋ, ಅಂತೂ ಈ ಸಲ ನಮ್ಮ ಮನೆಗೆ ಬಂದದ್ದು ಅಂಥದೇ. ಖಾನೆಖಾನೆಗಳಲ್ಲಿ ಅಸ್ಸಾಂ, ಡಾರ್ಜಿಲಿಂಗ್, ಅರ್ಲ್ ಗ್ರೇ, ಏಲಕ್ಕಿ, ಶುಂಠಿ, ಕ್ಯಾಮೊಮೈಲ್. ಧಾರವಾಡದಿಂದ ಬಂದಿದ್ದ ಸೋದರಮಾವ ಒಂದು ಚೀಲವನ್ನು ದಾರ ಹಿಡಿದು ಎತ್ತಿ ನೋಡಿ, "ಅಲ್ಲೋ, ಚಹಾಕ್ಕೂ ಚಡ್ಡಿ ಹಾಕಿಬಿಟ್ಟಾರಲ್ಲೋ!" ಎಂದರು.

ಇವುಗಳನ್ನು ಸಾಲಾಗಿ ಇಟ್ಟು ಪರೀಕ್ಷೆ ಮಾಡಬೇಕೆಂಬ ಹುಕಿ ನನಗೆ ಬಂದದ್ದು ಆಗಲೇ. ಪರೀಕ್ಷೆಗೆ ಶಾಸ್ತ್ರವೂ ಇದೆ. 1980ರಲ್ಲಿ ಹೊರಬಂದ ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಮಾನಕ ಚಹಾ ಹೇಗೆ ಸೋಸಬೇಕೆಂದು ವಿಧಿಸುತ್ತದೆ: 100 ಮಿಲಿಲೀಟರ್ ಕುದಿನೀರಿಗೆ 2 ಗ್ರಾಂ ಚಹಾ, ಮುಚ್ಚಳವುಳ್ಳ ಪಿಂಗಾಣಿ ಪಾತ್ರೆ, ಆರು ನಿಮಿಷ. ಕುಡಿಯಲು ರುಚಿಯಾಗಲಿ ಎಂಬುದು ಅದರ ಉದ್ದೇಶವೇ ಅಲ್ಲ. ಯಾವ ದೇಶದಲ್ಲಿ ಮಾಡಿದರೂ ಒಂದೇ ಥರ ಬಂದರೆ ಒಂದರ ಪಕ್ಕ ಒಂದಿಟ್ಟು ಅಳೆಯಬಹುದು, ಅಷ್ಟೇ. ಇದೇ ವಿಧಾನವನ್ನು ಆರು ಪುಟಗಳಲ್ಲಿ ಬರೆದಿಟ್ಟ ಬ್ರಿಟನ್ನಿನ ಮಾನಕ ಸಂಸ್ಥೆಗೆ 1999ರಲ್ಲಿ ನಗೆಯ ನೊಬೆಲ್ ಎನ್ನಿಸಿಕೊಂಡ ಇಗ್ ನೊಬೆಲ್ ಸಿಕ್ಕಿತು, ಅದೂ ಸಾಹಿತ್ಯ ವಿಭಾಗದಲ್ಲಿ. ಒಂದು ಚೀಲದಲ್ಲಿ ಇರುವುದೂ ಹೆಚ್ಚುಕಡಿಮೆ ಎರಡು ಗ್ರಾಮೇ. ಹಾಗಾಗಿ ತಕ್ಕಡಿಯ ತಾಪತ್ರಯ ತಪ್ಪಿತು.

"ಆರು ನಿಮಿಷದಾಗ ನಮ್ಮ ಓಣಿ ಚಹಾದಂವ ಒಂದು ಕಿಟ್ಲಿ ಖಾಲಿ ಮಾಡಿರ್ತಾನ" ಎಂದು ಮಾಮಾ ಗಡಿಯಾರ ನೋಡಿದರು. ಅವರನ್ನು ಕೂರಿಸಿಡಲು ಚೀಲದ ಪುರಾಣ ತೆಗೆದೆ. ಅಮೆರಿಕದ ಮಿಲ್ವಾಕಿಯ ರೊಬರ್ಟಾ ಲಾಸನ್ ಮತ್ತು ಮೇರಿ ಮೆಕ್ಲಾರೆನ್ ಎಂಬ ಇಬ್ಬರು ಹೆಂಗಸರು 1901ರಲ್ಲೇ ಹತ್ತಿಯ ಜಾಳಿಗೆ ಚೀಲಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು. ಒಂದು ಲೋಟ ಬೇಕಾದವರು ಕೆಟಲ್‌ಗಟ್ಟಲೆ ಮಾಡಿ ಹಳಸಲು ಬಿಡುವುದೇಕೆ ಎಂಬುದು ಅವರ ವಾದ. ಎರಡು ವರ್ಷದಲ್ಲಿ ಪೇಟೆಂಟ್ ಬಂತು, ಹೆಸರು ಮಾತ್ರ ಬರಲಿಲ್ಲ. ಹೆಸರು ಹೋದದ್ದು ನ್ಯೂಯಾರ್ಕಿನ ವ್ಯಾಪಾರಿ ಥಾಮಸ್ ಸಲಿವನ್‌ಗೆ. ಆತ 1908ರ ಸುಮಾರಿಗೆ ರೇಷ್ಮೆ ಚೀಲದಲ್ಲಿ ಕಳಿಸಿದ ಮಾದರಿಯನ್ನು ಗಿರಾಕಿಗಳು ಬಿಚ್ಚದೆ ಹಾಗೇ ನೀರಿಗಿಳಿಸಿದರು ಎಂಬ ಕತೆ ಎಲ್ಲರ ಬಾಯಲ್ಲಿದೆ. ಕತೆ ಚೆನ್ನಾಗಿದ್ದರೆ ಪೇಟೆಂಟಿಗೆ ಯಾರು ಕಿವಿಗೊಡುತ್ತಾರೆ! ಇಂಗ್ಲಿಷರು ಮಾತ್ರ ಬಹಳ ದಿನ ಮೂಗು ಮುರಿದರು. ಅಲ್ಲಿ ಟೆಟ್ಲಿ ಕಂಪನಿ ಚೀಲ ತಂದದ್ದು 1953ರಲ್ಲಿ. ಆ ಟೆಟ್ಲಿಯನ್ನೇ 2000ದಲ್ಲಿ ನಮ್ಮ ಟಾಟಾ ಟೀ ಕೊಂಡಿತು. ಮಾಮಾಗೆ ಈ ಭಾಗ ಬಹಳ ಹಿಡಿಸಿತು.

ಗಂಟೆ ಹೊಡೆಯಿತು. ಮೊದಲು ಅಸ್ಸಾಂ. ಬಣ್ಣ ಇಳಿದದ್ದು ಮೊದಲ ನಿಮಿಷದಲ್ಲೇ. ಎಲೆಯನ್ನು ಹಲ್ಲುಗಾಲಿಗಳ ನಡುವೆ ಜಜ್ಜಿ, ಹರಿದು, ಉಂಡೆ ಕಟ್ಟುವ ಸಿಟಿಸಿ ವಿಧಾನ 1930ರ ಸುಮಾರಿಗೆ ಹುಟ್ಟಿದ್ದೂ ಅಸ್ಸಾಮಿನಲ್ಲೇ. ಅದರ ಕಾಳನ್ನು ಜರಡಿ ಹಿಡಿದಾಗ ಕೊನೆಗೆ ಉಳಿಯುವ ಫ್ಯಾನಿಂಗ್ಸ್ ಮತ್ತು ಡಸ್ಟ್ ಚೀಲಕ್ಕೆ ಹೋಗುತ್ತವೆ. ಕಾಳು ಸಣ್ಣದಾದಷ್ಟೂ ನೀರಿಗೆ ಸಿಗುವ ಮೈ ಹೆಚ್ಚು, ಬಣ್ಣ ಬೇಗ, ಒಗರೂ ಬೇಗ.

ಇನ್ನು ರುಚಿ. ಹರಾಜಿನ ರುಚಿಗಾರರು ಚಮಚೆಯಿಂದ ಚಹಾವನ್ನು ಜೋರಾಗಿ ಸುರ್ರೆಂದು ಎಳೆಯುತ್ತಾರೆ. ಗಾಳಿಯ ಜೊತೆ ಸೇರಿ ಅದು ತುಂತುರಾಗಿ ಇಡೀ ಬಾಯಿಗೆ ಹರಡಬೇಕು, ಗಂಟಲ ಹಿಂದಿನಿಂದ ಕಂಪು ಮೂಗಿಗೇರಬೇಕು. ಆಮೇಲೆ ಉಗುಳುತ್ತಾರೆ. ನಾನು ಹೀಗೆ ವಿವರಿಸುತ್ತಿರುವಾಗಲೇ ಮಾಮಾ ಬಸಿಗೆ ಸುರಿದುಕೊಂಡು, ಎರಡೂ ಕೈಯಲ್ಲಿ ಹಿಡಿದು, ಪಕ್ಕದ ಮನೆಗೆ ಕೇಳುವಂತೆ ಎಳೆದರು. ಈ ಸದ್ದಿಗಾಗಿ ಮದುವೆಮನೆಗಳಲ್ಲಿ ಅತ್ತೆ ಅವರನ್ನು ಎಷ್ಟು ಚಿವುಟಿದ್ದಾರೋ! ಕೋಲ್ಕತ್ತದ ಹರಾಜುಕಟ್ಟೆಯಲ್ಲಿ ಹುಟ್ಟಿದ್ದರೆ ಅದಕ್ಕೇ ಸಂಬಳ ಸಿಗುತ್ತಿತ್ತು. ಉಗುಳಲು ಮಾತ್ರ ಒಪ್ಪಲಿಲ್ಲ.

ಮಾಮಾ ಅಸ್ಸಾಮಿಗೆ "ಗಟ್ಟಿ ಐತಿ, ಆದ್ರ ಒಂಟಿ ಐತಿ" ಎಂದರು. ಡಾರ್ಜಿಲಿಂಗ್‌ಗೆ ಬಣ್ಣ ಕಡಿಮೆ, ಮೂಗಿನ ಹತ್ತಿರ ತಂದಾಗ ಹೂವಿನಂಥ ಕಂಪು, ಎರಡನೇ ಗುಟುಕಿಗೆ ಅದೂ ಇಲ್ಲ. ಇಡೀ ಎಲೆಯಲ್ಲಿ ಇರಬೇಕಾದ ಚಹಾವನ್ನು ಪುಡಿ ಮಾಡಿ ತುಂಬಿದರೆ ಇಷ್ಟೇ. ಅರ್ಲ್ ಗ್ರೇಗೆ ಹಾಕುವುದು ಬರ್ಗಮಾಟ್ ಎಂಬ ಹುಳಿಹಣ್ಣಿನ ಸಿಪ್ಪೆಯೆಣ್ಣೆ. ಇಟಲಿಯ ಕಲಾಬ್ರಿಯಾ ಅದರ ತವರು. ನನಗದು ಇಷ್ಟ. ಮಾಮಾ, "ಜಳಕಕ್ಕ ಛಲೋ" ಎಂದು ಬದಿಗೆ ಸರಿಸಿದರು. ಕ್ಯಾಮೊಮೈಲ್‌ನಲ್ಲಿ ಚಹಾದ ಎಲೆಯೇ ಇಲ್ಲ, ಒಣಹೂವಿನ ಕಷಾಯ. ಅದು ಈ ಪಂಕ್ತಿಯದಲ್ಲ.

ನನಗೆ ತಕರಾರಿರುವುದು ಏಲಕ್ಕಿ, ಶುಂಠಿಗಳ ಮೇಲೆ. ಲಕೋಟೆ ಹರಿದ ಕೂಡಲೇ ಅಡುಗೆಮನೆಯೆಲ್ಲ ಘಮಘಮ. ಕುಡಿದರೆ ಶುಂಠಿ ಮೂಗಲ್ಲೇ ನಿಂತಿದೆ, ಗಂಟಲಿಗೆ ಇಳಿದೇ ಇಲ್ಲ. ಜಜ್ಜಿದ ಶುಂಠಿ ಕೆಮ್ಮು ಬರುವಂತೆ ಚುರುಗುಟ್ಟಬೇಡವೇ? ಇಲ್ಲಿರುವುದು ವಾಸನೆಯ ಸತ್ವ, ಖಾರ ಅದರ ಜೊತೆ ಬಂದಿಲ್ಲ. ಏಲಕ್ಕಿಯ ಲೋಟವನ್ನು ತಣ್ಣಗಾಗಲು ಬಿಟ್ಟೆ. ಕಾವು ಹೋದಂತೆ ಏಲಕ್ಕಿಯೂ ಹೋಯಿತು. ಅಡಿಯಲ್ಲಿ ಉಳಿದದ್ದು ಅಸ್ಸಾಮಿಗಿಂತ ಬಹಳ ಬಡ ಚಹಾ. ಪರಿಮಳದ ಚೀಲವನ್ನು ಅಳೆಯಬೇಕಾದವರು ಬಿಸಿಯಲ್ಲಿ ಅಳೆಯಬಾರದು, ಆರಿದ ಮೇಲೆ ಅಳೆಯಬೇಕು. ಬರೀ ಚಹಾಕ್ಕೆ ಮರೆ ನಿಲ್ಲಲು ಏನೂ ಇಲ್ಲದ್ದರಿಂದ ಅದು ಬಿಸಿಗೂ ತಣ್ಣಗೂ ಒಂದೇ ಮಾತು ಆಡುತ್ತದೆ.

ನಾನು ಅಂಕ ಬರೆದುಕೊಳ್ಳುತ್ತಿದ್ದೆ. ಒಳಗೆ ಕತ್ತರಿಯ ಸದ್ದು. ಮಾಮಾ ಉಳಿದ ಅಸ್ಸಾಂ ಚೀಲಗಳ ತಲೆ ಕತ್ತರಿಸಿ, ಉಕ್ಕುತ್ತಿದ್ದ ಹಾಲಿಗೆ ಪುಡಿ ಸುರಿದು, ಸಕ್ಕರೆ ಹಾಕಿ, ನಿಜವಾದ ಶುಂಠಿ ಜಜ್ಜುತ್ತಿದ್ದರು. ಹಾಲಿನ ಪ್ರೋಟೀನು ಚಹಾದ ಒಗರನ್ನು ಹಿಡಿದುಕೊಳ್ಳುತ್ತದೆ. ಡಸ್ಟಿನ ಒರಟುತನಕ್ಕೆ ಅದೇ ಮದ್ದು. ಕುಡಿದು ನೋಡಿ ಅಸ್ಸಾಮಿನ ಆರನ್ನು ತಿದ್ದಿ ಎಂಟು ಮಾಡಿದೆ. ಐಎಸ್‌ಒ ಇದಕ್ಕೆ ಒಪ್ಪುವುದಿಲ್ಲ. "ಎಂಟು ಯಾಕೋ? ಒಂಬತ್ತು ಬರಿ, ಕತ್ತರಿಗೊಂದು" ಎಂದರು ಮಾಮಾ.