ನೋವಿನ ಅಳತೆ ಯಾರ ಕೈಯಲ್ಲಿ?

ಜ್ವರವನ್ನು ಅಳೆಯಲು ಉಪಕರಣವುಂಟು, ರಕ್ತದೊತ್ತಡವನ್ನು ಅಳೆಯಲೂ ಉಂಟು. ನೋವನ್ನು ಅಳೆಯಬಲ್ಲವನು ಮಾತ್ರ ನೋಯುವವನೊಬ್ಬನೇ. ಈ ಸರಳ ಸತ್ಯವನ್ನು ಒಪ್ಪಿಕೊಂಡು ಔಷಧದ ಗುಂಡಿಯನ್ನು ರೋಗಿಯ ಕೈಗೇ ಕೊಡಲು ವೈದ್ಯಲೋಕಕ್ಕೆ ಬಹಳ ಕಾಲ ಹಿಡಿಯಿತು. 1960ರ ದಶಕದ ಕೊನೆಯಲ್ಲಿ ಅಮೆರಿಕದ ವೈದ್ಯ ಫಿಲಿಪ್ ಸೆಕ್ಜರ್ ಈ ದಾರಿಯಲ್ಲಿ ಪ್ರಯೋಗ ನಡೆಸಿದರು. 1976ರಲ್ಲಿ ವೇಲ್ಸ್‌ನ ಕಾರ್ಡಿಫ್‌ನಿಂದ ಇಂಥ ಯಂತ್ರವೊಂದು ಮಾರುಕಟ್ಟೆಗೆ ಬಂದಿತು.

ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನಿವೃತ್ತ ಶಿಕ್ಷಕರೊಬ್ಬರಿಗೆ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ಹಿಂದಿನ ದಿನವೇ ಅರಿವಳಿಕೆ ವೈದ್ಯೆ ಅವರ ಮಂಚದ ಬಳಿ ಕುಳಿತು ಗುಂಡಿಯನ್ನು ಕೈಗಿತ್ತು, ಒತ್ತಿಸಿ ತೋರಿಸಿದ್ದರು. ಶಸ್ತ್ರಚಿಕಿತ್ಸೆಯ ನಂತರ ಮೊದಲು ನೋವು ತಹಬಂದಿಗೆ ಬರುವವರೆಗೆ ಅವರೇ ಸ್ವಲ್ಪ ಸ್ವಲ್ಪವಾಗಿ ಔಷಧ ನೀಡಿದರು. ಏಕೆಂದರೆ ಪಂಪಿನ ಕಿರು ಪ್ರಮಾಣ ಇಳಿದ ನೋವನ್ನು ಹಿಡಿದಿಡಬಲ್ಲುದೇ ಹೊರತು ಏರಿದ ನೋವನ್ನು ಬೇಗ ಇಳಿಸಲಾರದು. ಬಳಿಕ ಪಂಪನ್ನು ಜೋಡಿಸಲಾಯಿತು. ಸಿರಿಂಜಿನಲ್ಲಿ ಪ್ರತಿ ಮಿಲಿಲೀಟರಿಗೆ 1 ಮಿಲಿಗ್ರಾಂ ಮಾರ್ಫಿನ್. ಒಮ್ಮೆ ಒತ್ತಿದರೆ 1 ಮಿಲಿಗ್ರಾಂ. ಅನಂತರ 10 ನಿಮಿಷ ಎಷ್ಟು ಬಾರಿ ಒತ್ತಿದರೂ ಒಂದು ಹನಿಯೂ ಇಲ್ಲ. ಈ ಅಂಕಿಗಳನ್ನು ಇಬ್ಬರು ದಾದಿಯರು ಬೇರೆಬೇರೆಯಾಗಿ ಓದಿ ತಾಳೆ ನೋಡಿದರು. ಔಷಧ ಸಲೈನ್ ನಳಿಕೆಯೊಳಗೆ ಹಿಂದಕ್ಕೆ ಹರಿದು ಸಂಗ್ರಹವಾಗಿ, ಆಮೇಲೆ ಒಮ್ಮೆಲೇ ದೇಹಕ್ಕೆ ನುಗ್ಗದಂತೆ ನಳಿಕೆಗೆ ಏಕಮುಖ ಕವಾಟವಿತ್ತು. ಸಿರಿಂಜಿಗೆ ಬೀಗವಿತ್ತು. ಉಸಿರು ಕುಗ್ಗಿದರೆ ಕೊಡಲು ನಲೋಕ್ಸೋನ್ ಕೈಗೆಟುಕುವಂತಿತ್ತು.

ಮೊದಲ ರಾತ್ರಿ ಶಿಕ್ಷಕರು ಮಂಪರಿನಲ್ಲಿ ನರಳಿದರು. ಪಕ್ಕದಲ್ಲಿದ್ದ ಮಗಳಿಗೆ ತಡೆಯಲಾಗಲಿಲ್ಲ. ಅವಳು ಗುಂಡಿಯತ್ತ ಕೈ ಚಾಚಿದಾಗ ದಾದಿ ಓಡಿ ಬಂದು ತಡೆದಳು.

"ಬ್ಯಾಡ್ರಿ ಅಕ್ಕಾರ, ಅದನ್ನ ಅವರ ಒತ್ತಬೇಕು."

"ನೋಡಕೋತ ಹ್ಯಾಂಗ ಕುಂದರಲಿ ಸಿಸ್ಟರ್?"

ಅತಿಯಾದ ಮಾರ್ಫಿನ್ ಮೊದಲು ನಿದ್ದೆ ತರುತ್ತದೆ, ಆಮೇಲೆ ಉಸಿರನ್ನು ಕುಗ್ಗಿಸುತ್ತದೆ. ನಿದ್ದೆ ಹತ್ತಿದವನ ಕೈ ಗುಂಡಿ ಒತ್ತದು, ಒತ್ತದಿದ್ದರೆ ಔಷಧವೂ ಹೋಗದು. ಈ ಯಂತ್ರದ ದೊಡ್ಡ ಕಾವಲೇ ಅದು. ಪ್ರೀತಿಯಿಂದ ಬೇರೊಬ್ಬರು ಒತ್ತಿದರೆ ಆ ಕಾವಲು ಮುರಿಯುತ್ತದೆ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ 2004ರಲ್ಲಿ ಇಂಥ ಅವಘಡಗಳ ಕುರಿತೇ ಎಚ್ಚರಿಕೆ ನೀಡಿತ್ತು. ದಾದಿ ಇದನ್ನು ತಿಳಿಯಹೇಳಿ, ಉಸಿರನ್ನು ಎಣಿಸಿ, ಶಿಕ್ಷಕರನ್ನು ಮೆಲ್ಲನೆ ಮಾತನಾಡಿಸಿದಳು. ಅವರು ಕಣ್ತೆರೆದು ಉತ್ತರಿಸಿದರು. ಗುಂಡಿಯನ್ನು ಮಾತ್ರ ಒತ್ತಲಿಲ್ಲ.

ಬೆಳಿಗ್ಗೆ ಯಂತ್ರದ ದಾಖಲೆ ನೋಡಿದ ವೈದ್ಯೆಗೆ ಅಚ್ಚರಿಯಾಯಿತು. ಇಡೀ ರಾತ್ರಿಯಲ್ಲಿ ಅವರು ಒತ್ತಿದ್ದು ಮೂರೇ ಬಾರಿ.

"ಯಾಕ್ರಿ ಗುರುಗಳೇ?"

"ತಡಕೊಳ್ಳೂದು ರೂಢಿ ಐತ್ರಿ. ಚಟ ಹತ್ತಿದ್ರ ಹ್ಯಾಂಗ?"

ಎರಡು ಮೂರು ದಿನ, ನೋವಿರುವಷ್ಟು ಕಾಲ ಅಳತೆಯಲ್ಲಿ ಕೊಟ್ಟ ಔಷಧದಿಂದ ಚಟ ಹತ್ತುವ ಭಯ ತೀರ ಕಡಿಮೆ ಎಂದು ವೈದ್ಯೆ ವಿವರಿಸಿದರು. ನೋವಿಗೆ ಹೆದರಿ ಕೆಮ್ಮದೆ, ದೀರ್ಘವಾಗಿ ಉಸಿರೆಳೆಯದೆ ಮಲಗಿದರೆ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಬರಬಹುದು. ಎದ್ದು ನಡೆಯದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಶಿಕ್ಷಕರು ಕ್ಷಣಕಾಲ ಸುಮ್ಮನಿದ್ದು ಗುಂಡಿ ಒತ್ತಿದರು. ಸ್ವಲ್ಪ ಹೊತ್ತಿನ ಮೇಲೆ ಮಗಳ ಹೆಗಲು ಹಿಡಿದು ಎದ್ದು ಕುಳಿತು, ಗಾಯದ ಮೇಲೆ ದಿಂಬನ್ನೊತ್ತಿ ಗಟ್ಟಿಯಾಗಿ ಕೆಮ್ಮಿದರು.

ಸಹನೆ ದೊಡ್ಡ ಗುಣವೇ ಸರಿ. ಆದರೆ ಉಸಿರನ್ನೇ ಕಟ್ಟಿಹಾಕುವ ಸಹನೆಯಿಂದ ಯಾರಿಗೂ ಪ್ರಯೋಜನವಿಲ್ಲ. ಹಾಗೆಯೇ ಇನ್ನೊಬ್ಬರ ನೋವನ್ನು ತಾನೇ ಅಳೆದು ತೀರಿಸುವೆನೆಂಬ ಕರುಣೆಯೂ ಸಾಲದು. ಗುಂಡಿ ಅವರ ಕೈಗೆ ಎಟುಕುವಂತಿದೆಯೇ ಎಂದು ನೋಡಿ, ಎಚ್ಚರದಿಂದ ಬಳಿಯಲ್ಲಿ ಕುಳಿತಿರುವುದೂ ಸೇವೆಯೇ. ಮರುದಿನ ರಾತ್ರಿ ಮಗಳು ಮಾಡಿದ್ದು ಅದನ್ನೇ.