ಮಲಗಿದ ಮುಳ್ಳು ಮತ್ತು ಮೂರು ಕಿಲೋಮೀಟರ್

ನಮ್ಮಿಬ್ಬರಿಗೂ ಸೇರಿ ಇರುವುದು ಒಂದೇ ಬೈಕು. ನೂರು ಸಿಸಿಯದ್ದು, ವಯಸ್ಸು ಹತ್ತೊಂಬತ್ತು. ಅಂದರೆ ನಮ್ಮ ಶಾಲೆಯ ಯಾವ ವಿದ್ಯಾರ್ಥಿಗಿಂತಲೂ ಹಿರಿದು! ಒಂದು ವಾರ ಒಬ್ಬರು ಪೆಟ್ರೋಲ್ ಹಾಕಿಸುತ್ತೇವೆ, ಮುಂದಿನ ವಾರ ಇನ್ನೊಬ್ಬರು. ಜತ್ತ ತಾಲೂಕಿನ ಕರಿಮಣ್ಣಿನ ದಾರಿಯಲ್ಲಿ ದಿನಾ ಹೋಗಲು ಹನ್ನೊಂದು, ಬರಲು ಹನ್ನೊಂದು ಕಿಲೋಮೀಟರ್.

ಜೂನ್ ತಿಂಗಳಲ್ಲಿ ಮುಂದಿನ ಚಕ್ರ ಪಂಕ್ಚರ್ ಆಯಿತು. ಅದಾದ ಮೇಲೆ ಸ್ಪೀಡೋಮೀಟರಿನ ಮುಳ್ಳು ವಿಚಿತ್ರವಾಗಿ ಆಡತೊಡಗಿತು. ನಲವತ್ತಕ್ಕೆ ಏರುತ್ತದೆ, ನಡುಗುತ್ತದೆ, ಸೊನ್ನೆಗೆ ಬೀಳುತ್ತದೆ, ಮತ್ತೆ ಏಳುತ್ತದೆ. ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಈ ರಸ್ತೆಯಲ್ಲಿ ನಲವತ್ತು ದಾಟಿ ಹೋಗುವವರು ಯಾರು? ಮುಳ್ಳು ಮಲಗಿದರೆ ಮಲಗಲಿ ಬಿಡಿ ಎಂದುಕೊಂಡೆವು. ಆ ಉದಾಸೀನಕ್ಕೆ ಬೆಲೆ ತೆರುವವರು ನಾವಲ್ಲ ಎಂಬುದು ಆಗ ಹೊಳೆಯಲಿಲ್ಲ.

ಜುಲೈನಲ್ಲಿ ಒಂದು ಅರ್ಜಿ ತುಂಬಬೇಕಾಗಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತಲ್ಲ, ಅದರ ಅಡಿಯಲ್ಲಿ ನಮ್ಮ ರಾಜ್ಯದಲ್ಲಿರುವ ನಿಯಮ ಹೀಗಿದೆ: 1ರಿಂದ 5ನೇ ತರಗತಿಯವರಿಗೆ ಮನೆಯಿಂದ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು, 6ರಿಂದ 8ರವರಿಗೆ ಮೂರು ಕಿಲೋಮೀಟರ್ ಒಳಗೆ. ಅದಕ್ಕಿಂತ ದೂರವಾದರೆ ಬಂದುಹೋಗುವ ಖರ್ಚಿಗೆ ಭತ್ಯೆ ಕೇಳಬಹುದು. ಹಳ್ಳದ ಆಚೆಯ ಒಂದು ವಸ್ತಿಯಿಂದ ಆರನೇ, ಏಳನೇ ತರಗತಿಗೆ ಐದು ಮಕ್ಕಳು ನಡೆದು ಬರುತ್ತಾರೆ. ಹತ್ತಿರದಲ್ಲಿ ಬೇರೆ ಕನ್ನಡ ಶಾಲೆ ಇಲ್ಲ. ಅರ್ಜಿ ಮರಾಠಿಯಲ್ಲಿ. ಒಂದು ಕಾಲಮ್ಮಿನ ತಲೆಯ ಮೇಲೆ 'ಅಂತರ' ಎಂದಿತ್ತು. ಆ ಶಬ್ದ ಅಲ್ಲಿಯೂ ಅದೇ, ಇಲ್ಲಿಯೂ ಅದೇ.

ಒಂದು ಸಂಜೆ ಬೈಕಿನಲ್ಲಿ ಹೋಗಿ ಅಳೆದು ಬಂದೆವು. ಮೀಟರಿನ ಕೊನೆಯ ಅಂಕಿ ನೂರು ಮೀಟರಿಗೊಮ್ಮೆ ತಿರುಗುವುದು. ಹೊರಡುವಾಗಿನ ಅಂಕಿ, ಮುಟ್ಟಿದಾಗಿನ ಅಂಕಿ ಎರಡನ್ನೂ ಬರೆದುಕೊಂಡು ಕಳೆದೆವು. 2.8 ಬಂತು. ಅದನ್ನೇ ಕಾಲಮ್ಮಿನಲ್ಲಿ ಬರೆದು ಸಹಿ ಮಾಡಿದೆವು. ಇನ್ನೂರು ಮೀಟರಿನಿಂದ ಮಕ್ಕಳ ಭತ್ಯೆ ತಪ್ಪಿತಲ್ಲ ಎಂದು ಬೇಸರವೂ ಆಯಿತು. ಆದರೆ ಸುಳ್ಳು ಬರೆಯಲಾಗದು, ಮೀಟರ್ ಹೇಳಿದ್ದು ಸತ್ಯ ಎಂದು ಸಮಾಧಾನ ಮಾಡಿಕೊಂಡೆವು.

ಸುದ್ದಿ ಕೇಳಿದ ಒಬ್ಬ ತಾಯಿ ಶಾಲೆಯ ಕಟ್ಟೆಯ ಹತ್ತಿರ ನಿಂತು ಹೇಳಿದರು: "ಗುರುಗಳ, ನಿಮ್ಮ ಗಾಡಿಗೆ ಏನ್ ಗೊತ್ರಿ? ದಿನಾ ನಡಿಯೂ ಹುಡುಗರನ್ನ ಕೇಳ್ರಿ."

ಅವರು ಜಗಳಕ್ಕೆ ಬಂದವರಲ್ಲ. ಅದಕ್ಕೇ ಆ ಮಾತು ನಮ್ಮನ್ನು ಬಿಡಲಿಲ್ಲ. ಮರುದಿನ ಮನೆಯಿಂದ ಶಾಲೆಗೆ ಬರುವಾಗ ಮೀಟರ್ ನೋಡಿದೆವು. ಹನ್ನೊಂದು ತೋರಿಸಬೇಕಾದ ಜಾಗದಲ್ಲಿ 9.3! ಸಂಜೆ ಅದೇ ದಾರಿಯಲ್ಲಿ 10.1. ದಾರಿ ದಿನಕ್ಕೆರಡು ಸಲ ಕುಗ್ಗಿ ಹಿಗ್ಗುವುದಿಲ್ಲವಲ್ಲ.

ಹಳೆಯ ಗಾಡಿಯ ಸ್ಪೀಡೋಮೀಟರ್ ಬಹಳ ಸರಳ ಯಂತ್ರ. ಮುಂದಿನ ಚಕ್ರದ ಹತ್ತಿರ ಒಂದು ಪುಟ್ಟ ಹಲ್ಲಿನ ಗಾಲಿ ಇರುತ್ತದೆ. ಚಕ್ರ ತಿರುಗಿದಂತೆ ಅದು ಕೇಬಲ್ಲಿನ ಒಳಗಿನ ತಂತಿಯನ್ನು ತಿರುಗಿಸುತ್ತದೆ. ತಂತಿಯ ಮೇಲಿನ ತುದಿ ಮೀಟರಿನೊಳಗಿನ ಅಯಸ್ಕಾಂತವನ್ನು ತಿರುಗಿಸುತ್ತದೆ. ಆ ಅಯಸ್ಕಾಂತ ಪಕ್ಕದ ಅಲ್ಯೂಮಿನಿಯಂ ಬಟ್ಟಲನ್ನು ಮುಟ್ಟುವುದೇ ಇಲ್ಲ, ಆದರೂ ಬಟ್ಟಲಿನಲ್ಲಿ ವಿದ್ಯುತ್ ಸುಳಿಗಳು ಹುಟ್ಟಿ ಅದನ್ನು ತನ್ನ ಜೊತೆ ಎಳೆಯುತ್ತವೆ. ಬಟ್ಟಲಿಗೆ ಮುಳ್ಳು ಅಂಟಿದೆ, ಕೂದಲೆಳೆಯಂಥ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಜಗ್ಗುತ್ತದೆ. ಈ ಎರಡು ಎಳೆತ ಸಮವಾದ ಜಾಗವೇ ನಮ್ಮ ವೇಗ. ಜರ್ಮನಿಯ ಆಟೋ ಶುಲ್ಜೆ ಎಂಬಾತ ಇದಕ್ಕೆ ಪೇಟೆಂಟ್ ಪಡೆದದ್ದು 1902ರಲ್ಲಿ. ಕಿಲೋಮೀಟರ್ ಎಣಿಸುವ ಅಂಕಿಗಳು ತಿರುಗುವುದೂ ಅದೇ ತಂತಿಯಿಂದ, ಆದರೆ ಅಲ್ಲಿ ಅಯಸ್ಕಾಂತವಿಲ್ಲ, ಬರೀ ಹಲ್ಲಿನ ಗಾಲಿಗಳು.

ರೋಗ ಹುಡುಕುವ ಮೊದಲ ಸುಳಿವು ಇಲ್ಲೇ ಇದೆ. ಮುಳ್ಳು ಸತ್ತು ಅಂಕಿ ಓಡುತ್ತಿದ್ದರೆ ರೋಗ ಮೀಟರಿನ ಹೊಟ್ಟೆಯಲ್ಲಿ. ಎರಡೂ ಒಟ್ಟಿಗೆ ನಿಂತರೆ ಕೇಬಲ್ಲಿನಲ್ಲಿ, ಇಲ್ಲವೇ ಕೆಳಗೆ ಚಕ್ರದಲ್ಲಿ. ನಮ್ಮದರಲ್ಲಿ ಎರಡೂ ಒಟ್ಟಿಗೆ ಎಡವುತ್ತಿದ್ದವು.

ಇಷ್ಟು ತಿಳಿದೂ ನಾವು ಮಾಡಿದ್ದೇನು? ಎಲ್ಲರೂ "ಕೇಬಲ್ ಹೋಗಿರ್ತದ್ರಿ" ಅಂದರು, ಹೊಸ ಕೇಬಲ್ ತಂದು ಹಾಕಿಸಿದೆವು. ರೋಗ ಹಾಗೇ ಇತ್ತು. ಹಳೆಯದನ್ನು ಎಳೆದು ನೋಡಿದರೆ ತಂತಿ ಎಲ್ಲೂ ತುಂಡಾಗಿಲ್ಲ, ಚೌಕನೆಯ ತುದಿಗಳೂ ಸವೆದಿಲ್ಲ. ಲೆಕ್ಕದ ಹಂತ ಬಿಟ್ಟು ಉತ್ತರ ಬರೆಯುವ ಹುಡುಗನಿಗೆ ನಾವೇ ಸೊನ್ನೆ ಕೊಡುತ್ತೇವೆ. ಅವತ್ತು ನಮಗೂ ಅದೇ ಬರಬೇಕಿತ್ತು.

ಆಮೇಲೆ ಗ್ಯಾರೇಜಿನ ಹುಡುಗ ಸರಿಯಾದ ಹಂತ ತೋರಿಸಿದ. ಮೀಟರಿನ ಕಡೆಯಿಂದ ಕೇಬಲ್ ಬಿಚ್ಚಿದ. ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿ, ಮುಂಭಾಗ ಎತ್ತಿ ಹಿಡಿಯಿರಿ ಎಂದು ನಮಗೆ ಹೇಳಿ, ಚಕ್ರವನ್ನು ಕೈಯಿಂದ ತಿರುಗಿಸಿದ. ತಂತಿಯ ತುದಿ ತಿರುಗಿತು, ನಿಂತಿತು, ಮತ್ತೆ ಅರ್ಧ ಸುತ್ತು ತಿರುಗಿತು. "ಮ್ಯಾಲ ಏನೂ ಆಗಿಲ್ರಿ ಸರ, ಕೆಳಗ ಬಿಚ್ಚೂಣ್ರಿ," ಅಂದ.

ಚಕ್ರ ಬಿಚ್ಚಿದಾಗ ಕಂಡಿತು. ಆ ಪುಟ್ಟ ಗಾಲಿಗೆ ಎರಡು ಕಿವಿಗಳಿರುತ್ತವೆ. ಅವು ಚಕ್ರದ ಗುಂಬದಲ್ಲಿರುವ ಎರಡು ಕಚ್ಚುಗಳಲ್ಲಿ ಕೂರಬೇಕು. ಪಂಕ್ಚರ್ ತಿದ್ದಿ ಚಕ್ರ ಹಾಕುವಾಗ ಅವು ಕಚ್ಚಿಗೆ ಕೂತಿರಲಿಲ್ಲ. ಮೇಲಿಂದ ನಟ್ ಬಿಗಿದಾಗ ಒಂದು ಕಿವಿ ಮುರಿದಿದೆ, ಇನ್ನೊಂದು ಬಾಗಿದೆ. ಬಾಗಿದ್ದು ಒಮ್ಮೆ ಹಿಡಿಯುತ್ತಿತ್ತು, ಒಮ್ಮೆ ಜಾರುತ್ತಿತ್ತು. ಪಂಕ್ಚರ್ ತಿದ್ದಿದವನನ್ನು ಬೈಯುವ ಹಾಗಿಲ್ಲ. ಗಂಟೆ ಹೊಡೆಯುತ್ತದೆ ಬೇಗ ಮಾಡಪ್ಪ ಎಂದು ತಲೆಯ ಮೇಲೆ ನಿಂತವರು ನಾವೇ.

ಜಾರುವ ಮೀಟರ್ ದಾರಿಯನ್ನು ಕಡಿಮೆ ತೋರಿಸೀತು, ಹೆಚ್ಚು ತೋರಿಸಲಾರದು. ಈ ಮಾತು ಹೊಳೆದ ಕೂಡಲೇ 2.8 ನೆನಪಾಗಿ ಹೊಟ್ಟೆಯಲ್ಲಿ ಕಸಿವಿಸಿಯಾಯಿತು.

ಹೊಸ ಗಾಲಿ ಬರಲು ನಾಲ್ಕು ದಿನ ಎಂದರು. ನಾವು ಕಾಯಲಿಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ಆ ಐವರು ಮಕ್ಕಳನ್ನು ಕರೆದುಕೊಂಡು ಒಂದು ಸೈಕಲ್ ಹಿಡಿದು ಹೊರಟೆವು. ಟಯರಿಗೆ ಸುಣ್ಣದ ಗುರುತು ಹಾಕಿ, ನೆಲದ ಮೇಲೆ ಒಂದು ಸುತ್ತು ಉರುಳಿಸಿ ಟೇಪಿನಿಂದ ಅಳೆದೆವು. 2 ಮೀಟರ್ 20 ಸೆಂಟಿಮೀಟರ್. ಒಬ್ಬ ಸೈಕಲ್ ತಳ್ಳುವವ, ಒಬ್ಬಳು ಎಣಿಸುವವಳು, ನೂರಾದಾಗೊಮ್ಮೆ ಒಂದು ಕಲ್ಲು ಚೀಲಕ್ಕೆ ಹಾಕುವವನೊಬ್ಬ. ಉಳಿದಿಬ್ಬರು ಎಣಿಕೆ ತಪ್ಪದಂತೆ ಕಾವಲು! ವಸ್ತಿಯ ಮೊದಲ ಮನೆ ಮುಟ್ಟಿದಾಗ ಚೀಲದಲ್ಲಿ ಹದಿನೈದು ಕಲ್ಲು, ಮೇಲೆ ನಲವತ್ತು ಸುತ್ತು. ಒಟ್ಟು 1,540. ಆರನೇ ತರಗತಿಯ ಹುಡುಗಿ ಮಣ್ಣಿನ ಮೇಲೆ ಕಡ್ಡಿಯಿಂದ ಗುಣಿಸಿದಳು: 3,388 ಮೀಟರ್.

ಆ ತಾಯಿ ಬಾಗಿಲಲ್ಲಿ ನಿಂತಿದ್ದರು. ಏನೂ ಅನ್ನಲಿಲ್ಲ, ನಮಗೆ ನೀರು ತಂದುಕೊಟ್ಟರು. ಬೈದಿದ್ದರೆ ಹಗುರಾಗುತ್ತಿತ್ತು.

ಸೋಮವಾರ ತಿದ್ದುಪಡಿ ಪತ್ರ ಬರೆದೆವು. ಮೊದಲಿನ ಅಂತರ ತಪ್ಪು, ತಪ್ಪು ನಮ್ಮದು, ಅಳೆದ ರೀತಿ ಇದು ಎಂದು ಸುತ್ತುಗಳ ಲೆಕ್ಕ ಸಮೇತ. ಕೊಟ್ಟೆವು, ಸ್ವೀಕೃತಿಯ ಸಹಿ ಪಡೆದೆವು. ಹೊಸ ಗಾಲಿ ಕೂತ ಮೇಲೆ ಬೈಕಿನಲ್ಲಿ ಅದೇ ದಾರಿಯನ್ನು ಮತ್ತೆ ಅಳೆದೆವು: 3.4.

ಮುಳ್ಳು ಈಗ ನಡುಗುವುದಿಲ್ಲ. ನಿಮ್ಮ ಹಳೆಯ ಗಾಡಿಯ ಮುಂದಿನ ಚಕ್ರ ಯಾರಾದರೂ ಬಿಚ್ಚಿ ಹಾಕಿದರೆ, ಹೊರಡುವ ಮುನ್ನ ಒಮ್ಮೆ ಆ ಕಿವಿಗಳು ಕೂತವೇ ಕೇಳಿ. ಇನ್ನು ದಾರಿ ಎಷ್ಟು ದೂರ ಎಂದು ಬರೆಯುವ ಕೆಲಸ ಬಂದರೆ, ಮೊದಲು ನಡೆಯುವವರನ್ನು ಕೇಳಿ. ನಾವು ಕೇಳದೆ ಸಹಿ ಹಾಕಿದ್ದೆವು.